ಟ್ರೋಬ್ರಿಯಾಂಡ್ ದ್ವೀಪಗಳ ಅಲಂಕೃತ ಕಡಲದೋಣಿಗಳು ಮತ್ತು ಅವುಗಳ ಒಡೆಯರು: ಪದೇ ಪದೇ ಕೇಳುವ ಪ್ರಶ್ನೆಗಳು

ಪೆಸಿಫಿಕ್ ಸಾಗರದ ದ್ವೀಪಗಳಲ್ಲಿ ದೋಣಿ ಕಟ್ಟುವ ಪರಂಪರೆಗಳು ಅನೇಕ ಇವೆ. ಅವುಗಳ ಪೈಕಿ ಒಂದನ್ನೇ ಹತ್ತಿರದಿಂದ ನೋಡುವುದು ಈ ಪುಟದ ಉದ್ದೇಶ. ಕೆತ್ತನೆಯ ಹಲಗೆಗಳನ್ನು ಚಿತ್ರದಲ್ಲಿ ಕಂಡು ಮೆಚ್ಚಿದವರು ಸಾಮಾನ್ಯವಾಗಿ ಕೇಳುವ ಪ್ರಶ್ನೆಗಳನ್ನು ಇಲ್ಲಿ ಎತ್ತಿಕೊಂಡು, ಆ ಹಲಗೆಗಳ ಹಿಂದಿರುವ ದೋಣಿ, ದೋಣಿಯ ಹಿಂದಿರುವ ಮನುಷ್ಯ ಮತ್ತು ಅವನ ಹೊಣೆ ಇವು ಓದುಗರ ಕಣ್ಣಿಗೆ ಬೀಳುವಂತೆ ಉತ್ತರಿಸಲು ಪ್ರಯತ್ನಿಸಲಾಗಿದೆ.

ಈ ದೋಣಿಗಳು ಯಾವ ಊರಿನವು?

ಪಪುವಾ ನ್ಯೂಗಿನಿ ದೇಶದ ಮಿಲ್ನ್ ಬೇ ಪ್ರಾಂತದಲ್ಲಿ, ಮುಖ್ಯಭೂಮಿಯ ಪೂರ್ವ ತುದಿಗೆ ಉತ್ತರದಲ್ಲಿ ಟ್ರೋಬ್ರಿಯಾಂಡ್ ದ್ವೀಪಗಳಿವೆ. ಇವು ಹವಳದ ನೆಲದ ತಗ್ಗಾದ ದ್ವೀಪಗಳು. ಕಿರಿವಿನಾ ಇವುಗಳಲ್ಲಿ ದೊಡ್ಡದು; ವಕುಟ, ಕಿಟವ, ಕೈಲೆಯುನ ಎಂಬವು ಜನವಸತಿಯಿರುವ ಇತರ ದ್ವೀಪಗಳು. ಇಲ್ಲಿಯವರ ನುಡಿ ಕಿಲಿವಿಲ. ಆ ನುಡಿಯಲ್ಲಿ ದೋಣಿಗೆ ‘ವಾಗ’ ಎನ್ನುತ್ತಾರೆ.

ಎಲ್ಲ ದೋಣಿಗಳಿಗೂ ಇಷ್ಟು ಅಲಂಕಾರ ಇರುತ್ತದೆಯೆ?

ಇಲ್ಲ. ದಡದ ಹತ್ತಿರ ಓಡಾಡುವುದಕ್ಕೆ ಒಬ್ಬನೇ ಹೊತ್ತುಕೊಂಡು ಹೋಗಬಹುದಾದ ಹಗುರವಾದ ಚಿಕ್ಕ ದೋಣಿ ಬೇರೆ, ಮೀನು ಹಿಡಿಯುವ ದೋಣಿ ಬೇರೆ. ತೆರೆದ ಕಡಲನ್ನು ದಾಟುವ ದೊಡ್ಡ ದೋಣಿಗೆ ‘ಮಸಾವ’ ಎಂದು ಹೆಸರು. ಪೂರ್ಣ ಪ್ರಮಾಣದ ಕೆತ್ತನೆ, ಬಣ್ಣ, ಕವಡೆ, ಮಂತ್ರ, ನೀರಿಗಿಳಿಸುವ ಸಮಾರಂಭ ಇವೆಲ್ಲ ಈ ಮಸಾವಕ್ಕೆ ಸಲ್ಲುವ ಮರ್ಯಾದೆಗಳು. ಪೂರ್ವದ ಗಾವ, ಮುಯುವ್ ಮೊದಲಾದ ದ್ವೀಪಗಳಲ್ಲಿ ಮಸಾವಕ್ಕಿಂತಲೂ ದೊಡ್ಡದಾದ, ಅಲೆಗಳನ್ನು ಇನ್ನೂ ಚೆನ್ನಾಗಿ ತಾಳಬಲ್ಲ ‘ನಗೇಗ’ ಎಂಬ ಬಗೆಯನ್ನು ಕಟ್ಟುತ್ತಾರೆ.

ಕುಲಾ ಎಂದರೇನು? ದೋಣಿಗೂ ಅದಕ್ಕೂ ಏನು ಸಂಬಂಧ?

ಉಚ್ಚಾರದಲ್ಲಿ ಹೋಲಿಕೆಯಿದ್ದರೂ ನಮ್ಮ ‘ಕುಲ’ ಎಂಬ ಮಾತಿಗೂ ಇದಕ್ಕೂ ಸಂಬಂಧವಿಲ್ಲ. ಟ್ರೋಬ್ರಿಯಾಂಡ್, ಮಾರ್ಷಲ್ ಬೆನೆಟ್, ಮುಯುವ್, ಮಿಸಿಮ, ಟುಬೆಟುಬೆ, ಡೋಬು, ಆಂಫ್ಲೆಟ್ ಎಂಬ ದ್ವೀಪಗಳನ್ನು ದೊಡ್ಡದೊಂದು ಬಳೆಯಂತೆ ಸುತ್ತುವರಿದು ಜೋಡಿಸುವ ವಿನಿಮಯ ಪದ್ಧತಿಗೆ ಕುಲಾ ಎಂದು ಹೆಸರು. ಇದರಲ್ಲಿ ಎರಡು ಬಗೆಯ ಬೆಲೆಬಾಳುವ ಒಡವೆಗಳು ಕೈಯಿಂದ ಕೈಗೆ ಹೋಗುತ್ತಿರುತ್ತವೆ. ಕೆಂಪು ಚಿಪ್ಪಿನ ಬಿಲ್ಲೆಗಳನ್ನು ಪೋಣಿಸಿದ ‘ಸೌಲವ’ ಎಂಬ ಉದ್ದ ಹಾರ ಗಡಿಯಾರದ ಮುಳ್ಳು ತಿರುಗುವ ದಿಕ್ಕಿನಲ್ಲಿಯೂ, ಬಿಳಿಯ ಶಂಖದಿಂದ ಮಾಡಿದ ‘ಮ್ವಾಲಿ’ ಎಂಬ ತೋಳಬಳೆ ಅದಕ್ಕೆ ಎದುರು ದಿಕ್ಕಿನಲ್ಲಿಯೂ ಸಾಗುತ್ತವೆ. ಯಾರೂ ಇವನ್ನು ಬಹುಕಾಲ ಇಟ್ಟುಕೊಳ್ಳುವುದಿಲ್ಲ. ಪಡೆದವನು ಕೆಲಕಾಲ ಅದರ ಕೀರ್ತಿಯನ್ನು ಅನುಭವಿಸಿ ಮುಂದಿನ ದ್ವೀಪದ ತನ್ನ ಜೊತೆಗಾರನಿಗೆ ದಾಟಿಸುತ್ತಾನೆ.

ಪೋಲೆಂಡಿನಲ್ಲಿ ಹುಟ್ಟಿದ ಮಾನವಶಾಸ್ತ್ರಜ್ಞ ಬ್ರೋನಿಸ್ಲಾವ್ ಮಲಿನೋವ್ಸ್ಕಿ 1915ರಿಂದ 1918ರ ನಡುವೆ ಎರಡು ಅವಧಿ ಈ ದ್ವೀಪಗಳಲ್ಲಿ ಇದ್ದು, ಭಾಷೆ ಕಲಿತು, 1922ರಲ್ಲಿ ಪ್ರಕಟಿಸಿದ ಗ್ರಂಥದಿಂದ ಕುಲಾ ಪದ್ಧತಿ ಹೊರಜಗತ್ತಿಗೆ ವಿವರವಾಗಿ ತಿಳಿಯಿತು. ಆ ಗ್ರಂಥದ ಹಲವು ಅಧ್ಯಾಯಗಳು ದೋಣಿಗೇ ಮೀಸಲು. ಅದು ಸಹಜವೂ ಹೌದು: ದ್ವೀಪದಿಂದ ದ್ವೀಪಕ್ಕೆ ದೋಣಿ ಹೋಗದಿದ್ದರೆ ಹಾರವೂ ಬಳೆಯೂ ನಿಂತಲ್ಲಿಯೇ ನಿಲ್ಲುತ್ತವೆ.

ದೋಣಿಯ ಒಡೆಯನನ್ನು ‘ತೊಲಿವಾಗ’ ಎನ್ನುತ್ತಾರಂತೆ. ಅವನು ಯಜಮಾನನೆ, ಅಥವಾ ನಮ್ಮ ಕರಾವಳಿಯ ತಂಡೇಲನಂಥವನೆ?

ಎರಡೂ ಹೌದು, ಆದರೆ ಎರಡರಿಂದಲೂ ಆ ಮಾತಿನ ಅರ್ಥ ತುಂಬುವುದಿಲ್ಲ. ‘ತೊಲಿ’ ಎಂದರೆ ಒಡೆಯ, ‘ವಾಗ’ ಎಂದರೆ ದೋಣಿ. ಆದುದರಿಂದ ದೋಣಿಯೊಡೆಯ ಎಂಬುದು ನೇರವಾದ ಅರ್ಥ. ಆದರೆ ಈ ಒಡೆತನವನ್ನು ಹಣ ಕೊಟ್ಟು ಕೊಂಡ ವಸ್ತುವಿನ ಒಡೆತನದಂತೆ ತಿಳಿಯಬಾರದು. ದೋಣಿ ಕಟ್ಟಬೇಕೆಂಬ ಸಂಕಲ್ಪ ತೊಲಿವಾಗನದು. ಕೆಲಸಕ್ಕೆ ಬಂದವರಿಗೆಲ್ಲ ಊಟ ಹಾಕುವವನು, ಕೆತ್ತನೆಗಾರನನ್ನು ಕರೆಸಿ ಅವನಿಗೆ ಸಲ್ಲಬೇಕಾದುದನ್ನು ಸಲ್ಲಿಸುವವನು, ದೋಣಿಗೆ ಬೇಕಾದ ಮಂತ್ರಗಳನ್ನು ತಾನೇ ಹೇಳುವವನು ಅಥವಾ ತಿಳಿದವರಿಂದ ಹೇಳಿಸುವವನು ಅವನೇ. ಯಾನ ಹೊರಟಾಗ ದೋಣಿಯ ಮೇಲಿನ ಅಧಿಕಾರ ಅವನದು, ಕುಲಾ ವಿನಿಮಯದಲ್ಲಿ ಹೆಚ್ಚಿನ ಪಾಲು ಅವನದು, ಗೆದ್ದು ಬಂದಾಗ ಹೆಸರೂ ಅವನದು.

ಹಾಗೆಂದು ದೋಣಿಯಲ್ಲಿ ಉಳಿದವರಿಗೆ ಏನೂ ಇಲ್ಲವೆಂದಲ್ಲ. ದೋಣಿಯಲ್ಲಿ ಹೋಗುವ ಸಹಚರರಿಗೆ ‘ಉಸಗೇಲು’ ಎಂದು ಹೆಸರು. ಅವರು ಕೂಲಿಯವರಲ್ಲ. ಬಹುಮಟ್ಟಿಗೆ ತೊಲಿವಾಗನ ಬಂಧುಗಳೋ ಊರಿನವರೋ ಆಗಿದ್ದು, ಕಟ್ಟುವಾಗ ದುಡಿದವರು. ದೋಣಿಯಲ್ಲಿ ಕೂರುವುದು ಅವರ ಹಕ್ಕು. ದೂರದ ದ್ವೀಪದಲ್ಲಿ ಅವರಿಗೂ ತಮ್ಮವೇ ಆದ ಕುಲಾ ಜೊತೆಗಾರರಿರುತ್ತಾರೆ. ಹೀಗಾಗಿ ‘ಈ ದೋಣಿ ಒಬ್ಬನದೋ ಊರಿನದೋ’ ಎಂಬ ಪ್ರಶ್ನೆಗೆ ಒಂದೇ ಮಾತಿನಲ್ಲಿ ಉತ್ತರ ಹೇಳಲಾಗದು. ಮಲಿನೋವ್ಸ್ಕಿಯೂ ಇದನ್ನು ಖಾಸಗಿ ಆಸ್ತಿ ಅಥವಾ ಸಾಮೂಹಿಕ ಆಸ್ತಿ ಎಂಬ ಎರಡರಲ್ಲೊಂದು ಪೆಟ್ಟಿಗೆಗೆ ತುರುಕಲು ಒಪ್ಪಲಿಲ್ಲ. ಒಂದು ದೋಣಿಯ ಸುತ್ತ ಯಾರಿಗೆ ಯಾವ ಹಕ್ಕು, ಯಾವ ಕರ್ತವ್ಯ ಎಂಬುದನ್ನು ಒಂದೊಂದಾಗಿ ಬಿಡಿಸಿ ಬರೆದರು. ತೊಲಿವಾಗ ಎಂಬುದನ್ನು ಆಸ್ತಿಯ ಮಾತಾಗಿ ತಿಳಿಯುವುದಕ್ಕಿಂತ ಹೊಣೆಯ ಮಾತಾಗಿ ತಿಳಿಯುವುದೇ ಸರಿ ಎಂದು ನನಗೆ ತೋರುತ್ತದೆ.

ಯಾರು ಬೇಕಾದರೂ ತೊಲಿವಾಗ ಆಗಬಹುದೆ?

ಅನ್ನ ಹಾಕುವ ಶಕ್ತಿ ಇಲ್ಲದವನು ಆಗಲಾರ. ಈ ದ್ವೀಪಗಳಲ್ಲಿ ಹೆಗ್ಗೆಣಸೇ ಮುಖ್ಯ ಬೆಳೆ, ಸಂಪತ್ತಿನ ಅಳತೆಯೂ ಅದೇ. ಮುಖಂಡರಿಗೆ ಹಲವು ಹೆಂಡತಿಯರಿದ್ದು, ಆ ಹೆಂಡತಿಯರ ತವರಿನ ಗಂಡಸರು ಪ್ರತಿ ಸುಗ್ಗಿಯಲ್ಲೂ ಹೆಗ್ಗೆಣಸು ಬೆಳೆದು ತಂದುಕೊಡುತ್ತಿದ್ದುದರಿಂದ, ದೊಡ್ಡ ಕೆಲಸಕ್ಕೆ ಜನ ಕೂಡಿಸುವುದು ಅವರಿಗೆ ಸುಲಭವಾಗುತ್ತಿತ್ತು. ಆದರೂ ಮುಖಂಡನಲ್ಲದ, ಅನುಕೂಲಸ್ಥನಾದ ಹಿರಿಯನೊಬ್ಬ ತೊಲಿವಾಗನಾಗುವುದಕ್ಕೆ ಅಡ್ಡಿಯಿರಲಿಲ್ಲ.

ಇಲ್ಲಿಯದು ತಾಯಿಯ ಕಡೆಯಿಂದ ವಂಶ ಎಣಿಸುವ ಸಮಾಜ. ತುಳುನಾಡಿನ ಅಳಿಯಸಂತಾನವನ್ನು ಬಲ್ಲ ಓದುಗರಿಗೆ ಇದನ್ನು ಹೆಚ್ಚು ವಿವರಿಸಬೇಕಾಗಿಲ್ಲ. ಪದವಿಯೂ ಮಂತ್ರವೂ ಸೋದರಮಾವನಿಂದ ಸೋದರಳಿಯನಿಗೆ ಬರುವುದು ಕ್ರಮ. ಆದರೆ ತಂದೆ ಪ್ರೀತಿಯಿಂದ ಮಗನಿಗೆ ಮಂತ್ರ ಕಲಿಸಿದ ಉದಾಹರಣೆಗಳೂ ಬೇಕಾದಷ್ಟಿವೆ. ಟ್ರೋಬ್ರಿಯಾಂಡಿನ ಹೆಂಗಸರು ಕುಲಾ ಯಾನಕ್ಕೆ ಹೋಗುತ್ತಿರಲಿಲ್ಲ.

ದೋಣಿಯನ್ನು ಹೇಗೆ ಕಟ್ಟುತ್ತಾರೆ?

ಕೆಲಸ ಮರದಿಂದ ಶುರುವಾಗುತ್ತದೆ. ದೊಡ್ಡ ಮರಗಳಲ್ಲಿ ‘ತೊಕ್ವಾಯ್’ ಎಂಬ ವನದೇವತೆಗಳು ವಾಸಿಸುತ್ತವೆ ಎಂಬುದು ಅಲ್ಲಿಯ ನಂಬಿಕೆ. ಕೊಡಲಿ ಬೀಳುವ ಮೊದಲು ಆ ತೊಕ್ವಾಯ್‌ಗೆ ಸ್ವಲ್ಪ ಆಹಾರ ಒಪ್ಪಿಸಿ, ಮರ ಬಿಟ್ಟು ಬೇರೆಡೆ ಹೋಗೆಂದು ಮಂತ್ರಪೂರ್ವಕ ಬೇಡಿಕೊಳ್ಳಬೇಕು. ಇಲ್ಲದಿದ್ದರೆ ದೋಣಿ ನಿಧಾನವಾಗುತ್ತದೆ, ಭಾರವಾಗುತ್ತದೆ. ಕಡಿದ ದಿಮ್ಮಿಯನ್ನು ಊರಿನವರೆಲ್ಲ ಸೇರಿ ಎಳೆದು ತರುತ್ತಾರೆ. ಎಳೆಯುವ ಮುನ್ನ ಒಣಹುಲ್ಲಿನ ಹಿಡಿಯಿಂದ ಮರವನ್ನು ಬಡಿದು, ಒಮ್ಮೆ ಅದರ ಭಾರವನ್ನು ತೆಗೆದುಹಾಕುವ, ಇನ್ನೊಮ್ಮೆ ಅದಕ್ಕೆ ಹಗುರವನ್ನು ತುಂಬುವ ಮಂತ್ರ ಹೇಳುವ ರೂಢಿಯಿತ್ತು.

ಊರಿಗೆ ಬಂದ ದಿಮ್ಮಿಯನ್ನು ಮೊದಲು ಹೊರಮೈ ಹೆರೆದು, ಆಮೇಲೆ ಒಳಗನ್ನು ತೋಡುತ್ತಾರೆ. ತೋಡುವುದೇ ಅತ್ಯಂತ ನಾಜೂಕಿನ ಕೆಲಸ, ಏಕೆಂದರೆ ಗೋಡೆ ದಪ್ಪವಾದರೆ ದೋಣಿ ಭಾರ, ತೆಳುವಾದರೆ ಸೀಳು. ಮಲಿನೋವ್ಸ್ಕಿ ಹೋಗುವ ಹೊತ್ತಿಗೆ ಕಲ್ಲಿನ ಕೊಡಲಿಗಳ ಜಾಗಕ್ಕೆ ಕಬ್ಬಿಣದ ಹತಾರಗಳು ಬಂದಾಗಿತ್ತು.

ಎರಡನೆಯ ಘಟ್ಟದಲ್ಲಿ ದೋಣಿಗೆ ಎದೆಗಟ್ಟು, ಪಕ್ಕದ ಹಲಗೆಗಳು, ಪಕ್ಕಕ್ಕೆ ಆಸರೆಯಾಗಿ ನಿಲ್ಲುವ ತೇಲುದಿಮ್ಮಿ ಎಲ್ಲವನ್ನೂ ಕೂಡಿಸುತ್ತಾರೆ. ಇಲ್ಲಿ ಮೊಳೆಯಿಲ್ಲ. ‘ವಾಯುಗೊ’ ಎಂಬ ಕಾಡುಬಳ್ಳಿಯ ಕಟ್ಟಿನ ಮೇಲೆಯೇ ಇಡೀ ದೋಣಿ ನಿಂತಿರುತ್ತದೆ. ಬಿರುಗಾಳಿಯಲ್ಲಿ ಬಳ್ಳಿ ಸಡಿಲಿದರೆ ದೋಣಿಯಲ್ಲಿದ್ದವರ ಪ್ರಾಣ ಹೋದಂತೆಯೇ ಸರಿ. ಇದರಿಂದಾಗಿಯೇ ದೋಣಿಯ ಮಂತ್ರಗಳಲ್ಲಿ ವಾಯುಗೊ ಬಳ್ಳಿಗೆ ಹೇಳುವ ಮಂತ್ರಕ್ಕೆ ಬಹಳ ದೊಡ್ಡ ಸ್ಥಾನವಿತ್ತು. ಆಮೇಲೆ ಸಂದುಗಳಿಗೆ ಮರದಿಂದ ಸಿದ್ಧಮಾಡಿದ ಅಂಟನ್ನು ಮೆತ್ತಿ, ಕಪ್ಪು, ಕೆಂಪು, ಬಿಳಿ ಎಂಬ ಮೂರು ಬಣ್ಣಗಳನ್ನು ಹಚ್ಚುತ್ತಾರೆ. ಕಪ್ಪು ಬಣ್ಣದ ವಿಷಯದಲ್ಲೊಂದು ಸೊಗಸಾದ ವಿವರವಿದೆ: ಅದಕ್ಕಾಗಿ ಸುಡುವ ವಸ್ತುಗಳಲ್ಲಿ ಬಾವಲಿಯ ರೆಕ್ಕೆ, ಪುಟ್ಟ ಹಕ್ಕಿಯ ಗೂಡು ಮೊದಲಾದ ಹಗುರವಾದ, ಹಾರುವುದಕ್ಕೆ ಸಂಬಂಧಪಟ್ಟ ವಸ್ತುಗಳಿರುತ್ತಿದ್ದವು. ಆ ಹಗುರವೂ ವೇಗವೂ ಬಣ್ಣದ ಮೂಲಕ ದೋಣಿಗೆ ಇಳಿಯಬೇಕೆಂಬುದು ಆಶಯ.

ಇಷ್ಟೆಲ್ಲ ಮಂತ್ರ ಬೇಕೆ? ಕಸುಬಿನ ಅರಿವು ಸಾಲದೆ?

ಕಸುಬಿನ ಅರಿವು ಅವರಲ್ಲಿ ಪೂರ್ಣವಾಗಿತ್ತು. ಯಾವ ಮರ ಆಗಬಹುದು, ದಿಮ್ಮಿಯನ್ನು ಎಷ್ಟು ತೋಡಬೇಕು, ಬಳ್ಳಿಯನ್ನು ಎಲ್ಲಿ ಬಿಗಿಯಬೇಕು ಎಂಬುದನ್ನು ಬಲ್ಲವರು ಮಂತ್ರದಿಂದ ಕೆಟ್ಟ ಕೆಲಸ ಸರಿಹೋಗುತ್ತದೆ ಎಂದು ಎಂದೂ ನಂಬಿದವರಲ್ಲ. ಕೆಲಸ ಎಷ್ಟೇ ಚೆನ್ನಾಗಿದ್ದರೂ ಕಡಲು ತಮ್ಮ ಮಾತು ಕೇಳುವುದಿಲ್ಲ ಎಂಬ ತಿಳಿವಳಿಕೆಯೂ ಅವರಿಗಿತ್ತು. ಮಂತ್ರದ ಕ್ರಮ ಕೆಲಸದ ಕ್ರಮವನ್ನೂ ಹಿಡಿದಿಡುತ್ತಿತ್ತು. ಈ ಮಂತ್ರ ಮುಗಿಯದೆ ಆ ಕೆಲಸಕ್ಕೆ ಕೈ ಹಾಕುವಂತಿಲ್ಲ ಎಂದಾಗ ಹತ್ತಾರು ಜನರ ದುಡಿಮೆಗೆ ಒಂದು ಕಾಲಕ್ರಮ, ಒಂದು ಶಿಸ್ತು, ಒಬ್ಬ ಮುಂದಾಳು ದೊರೆಯುತ್ತಾನೆ. ಇದನ್ನು ಬರಿಯ ಮೂಢನಂಬಿಕೆ ಎಂದು ತಳ್ಳಿಹಾಕಿದವರು ಆ ದುಡಿಮೆಯ ಕಟ್ಟನ್ನೇ ಕಾಣದೆ ಹೋಗುತ್ತಾರೆ.

ದೋಣಿಯ ಮೂತಿಯಲ್ಲಿರುವ ಕೆತ್ತನೆಯ ಹಲಗೆಗಳ ಹೆಸರೇನು? ಅವುಗಳ ಕೆಲಸವೇನು?

ಹಲಗೆಗಳು ಎರಡು ಬಗೆಯವು. ದೋಣಿಯ ಎರಡು ತುದಿಗಳಲ್ಲೂ ಅಡ್ಡಲಾಗಿ ನಿಂತು, ತೋಡಿದ ಒಡಲನ್ನು ಮುಚ್ಚಿ, ಅಲೆಯ ನೀರು ಒಳನುಗ್ಗದಂತೆ ತಡೆಯುವ ಅಗಲವಾದ ಹಲಗೆ ‘ಲಗಿಮ್’. ಅದಕ್ಕೆ ಲಂಬವಾಗಿ ದೋಣಿಯ ಉದ್ದಕ್ಕೆ ಮುಂಚಾಚಿ ನೀರನ್ನು ಸೀಳುವಂತೆ ಕಾಣುವುದು ‘ತಬುಯ’. ಲಗಿಮ್ಮಿನ ಎರಡು ಪಕ್ಕಗಳು ಒಂದೇ ಅಳತೆಯಲ್ಲಿರುವುದಿಲ್ಲ. ಒಂದು ಕಡೆ ದೊಡ್ಡ ಸುರುಳಿಯಾಗಿ ಉಬ್ಬಿ, ಇನ್ನೊಂದು ಕಡೆ ಚಿಕ್ಕದಾಗಿ ಮುಗಿಯುತ್ತದೆ. ಮೈತುಂಬ ಒಂದರೊಳಗೊಂದು ಹೆಣೆದುಕೊಂಡ ಸುರುಳಿಗಳು, ಹಕ್ಕಿಯ ಕೊಕ್ಕಿನಂಥ ಬಾಗುಗಳು, ಎಷ್ಟೋ ವೇಳೆ ನೆತ್ತಿಯಲ್ಲಿ ಪುಟ್ಟ ಮನುಷ್ಯಾಕೃತಿ. ಅಂಚುಗಳಿಗೆ ಬಿಳಿಯ ಕವಡೆಗಳ ಸಾಲು.

ಈ ಆಕೃತಿಗಳ ಅರ್ಥವನ್ನು ಕುರಿತು ವಕುಟದಲ್ಲಿ ದೀರ್ಘಕಾಲ ಅಧ್ಯಯನ ಮಾಡಿದ ಶರ್ಲಿ ಕ್ಯಾಂಪ್‌ಬೆಲ್, ಮೀನಿನ ಮೇಲೆ ಎರಗಿ ಗುರಿ ತಪ್ಪದೆ ಹಿಡಿಯುವ ಕಡಲ ಗಿಡುಗದಂಥ ಪ್ರಾಣಿಗಳ ಗುಣಗಳು ಕೆತ್ತನೆಯಲ್ಲಿ ಹೇಗೆ ಕೂಡಿಕೊಂಡಿವೆ ಎಂಬುದನ್ನು ತೋರಿಸಿದ್ದಾರೆ. ದೂರದ ದ್ವೀಪಕ್ಕೆ ಹೋಗುವ ಗಂಡಸು ತನ್ನ ಜೊತೆಗಾರನಿಂದ ಒಳ್ಳೆಯ ಒಡವೆಯನ್ನು ಹಾಗೆಯೇ ಗುರಿತಪ್ಪದೆ ಪಡೆಯಬೇಕು. ಇಂಗ್ಲೆಂಡಿನ ಮಾನವಶಾಸ್ತ್ರಜ್ಞ ಆಲ್ಫ್ರೆಡ್ ಜೆಲ್ 1992ರ ಪ್ರಬಂಧವೊಂದರಲ್ಲಿ ಇನ್ನೂ ಒಂದು ಹೆಜ್ಜೆ ಮುಂದೆ ಹೋದರು. ದಡದಲ್ಲಿ ನಿಂತು ಕಾಯುತ್ತಿರುವ ಎದುರಾಳಿ ಈ ಹಲಗೆಯನ್ನು ನೋಡಿದಾಗ, ಇದನ್ನು ಮನುಷ್ಯರು ಮಾಡಿದ್ದು ಹೇಗೆ ಎಂಬ ಬೆರಗಿನಲ್ಲಿ ಅವನ ಮನಸ್ಸಿನ ಹಿಡಿತ ಸಡಿಲವಾಗುತ್ತದೆ, ಕೈಯಲ್ಲಿ ಬಿಗಿಹಿಡಿದಿದ್ದ ಒಡವೆಯೂ ಸಡಿಲವಾಗುತ್ತದೆ ಎಂಬುದು ಅವರ ವಾದ. ಹಾಗಾದರೆ ಅಲಂಕಾರ ಎಂಬುದು ದೋಣಿ ಸಿದ್ಧವಾದ ಮೇಲೆ ಅಂಟಿಸುವ ಅಂದವಲ್ಲ, ಹಾಯಿ ಮತ್ತು ಹುಟ್ಟುಗಳ ಹಾಗೆ ಅದೂ ದೋಣಿಯ ಒಂದು ಸಾಧನ.

ಹಲಗೆಗಳನ್ನು ಕೆತ್ತುವವನೂ ತೊಲಿವಾಗನೇ?

ಸಾಮಾನ್ಯವಾಗಿ ಅಲ್ಲ. ಕೆತ್ತನೆಗೆ ‘ಟೊಕಬಿತಮ್’ ಎಂಬ ನುರಿತವನನ್ನು ಕರೆಸುತ್ತಾರೆ. ಅವನು ಚಿಕ್ಕಂದಿನಲ್ಲೇ ಒಬ್ಬ ಗುರುವಿನ ಬಳಿ ಸೇರಿ, ಕೈಚಳಕದ ಜೊತೆಗೆ ಕೆತ್ತನೆಯ ಮಂತ್ರವನ್ನೂ ಪಡೆದವನು. ಜ್ಞಾನವು ನೀರಿನಂತೆ ತಡೆಯಿಲ್ಲದೆ ಹರಿಯಬೇಕೆಂಬ ಭಾವನೆ ಆ ದೀಕ್ಷೆಯಲ್ಲಿದೆ. ಮನಸ್ಸಿನಲ್ಲಿ ಮೂಡಿದ ಸುರುಳಿ ತೊಡಕಿಲ್ಲದೆ ಉಳಿಯ ತುದಿಗೆ ಇಳಿಯಬೇಕು. ಕಿಟವದ ಕೆತ್ತನೆಗಾರರ ನಡುವೆ ಕೆಲಸ ಮಾಡಿದ ಇಟಲಿಯ ಜಾಂಕಾರ್ಲೊ ಸ್ಕೋಡಿಟ್ಟಿ ಈ ದೀಕ್ಷೆಯನ್ನು ವಿವರವಾಗಿ ದಾಖಲಿಸಿದ್ದಾರೆ. ಕೆಲಸ ನಡೆಯುವಷ್ಟು ದಿನವೂ ಕೆತ್ತನೆಗಾರನಿಗೆ ಊಟ, ಅಡಿಕೆ, ತೆಂಗು ಸಲ್ಲಿಸುವುದು ತೊಲಿವಾಗನ ಕರ್ತವ್ಯ. ದೋಣಿ ತೊಲಿವಾಗನ ಹೆಸರಿನಲ್ಲಿ ಕಡಲಿಗಿಳಿದರೂ, ಇದು ಯಾರ ಕೈಯ ಕೆಲಸ ಎಂಬುದನ್ನು ಬಲ್ಲವರು ದಡದಲ್ಲಿರುತ್ತಾರೆ.

ತೇಲುದಿಮ್ಮಿ ಒಂದೇ ಪಕ್ಕಕ್ಕೆ ಏಕೆ?

ದೋಣಿಯ ಒಡಲು ಕಿರಿದಾದುದರಿಂದ ಒಂಟಿಯಾಗಿ ನಿಲ್ಲಲಾರದು. ಪಕ್ಕಕ್ಕೆ ದೂರದಲ್ಲಿ ಕಟ್ಟಿದ ತೇಲುದಿಮ್ಮಿ ಅದಕ್ಕೆ ಆಸರೆ. ತೇಲುದಿಮ್ಮಿ ಯಾವಾಗಲೂ ಗಾಳಿ ಬೀಸುವ ಕಡೆಗೇ ಇರಬೇಕು, ಏಕೆಂದರೆ ಗಾಳಿ ಎದುರು ಪಕ್ಕದಿಂದ ಹಾಯಿಯನ್ನು ಒತ್ತಿದರೆ ದಿಮ್ಮಿ ನೀರಿನೊಳಗೆ ಅದುಮಿಹೋಗಿ ದೋಣಿ ಮಗುಚುತ್ತದೆ. ಆದುದರಿಂದ ದೋಣಿಗೆ ಹಿಂದು ಮುಂದು ಎಂಬ ಭೇದವಿಲ್ಲ. ಗಾಳಿ ನೋಡಿಕೊಂಡು ಯಾವ ತುದಿಯನ್ನಾದರೂ ಮುಂದೆ ಮಾಡಿ ಸಾಗಬಹುದು. ಎರಡು ತುದಿಗೂ ಲಗಿಮ್ ಮತ್ತು ತಬುಯ ಇರುವುದರ ಗುಟ್ಟು ಇದೇ. ಕೇದಗೆಯ ಜಾತಿಯ ಎಲೆಗಳನ್ನು ಹೊಲಿದು ಮಾಡಿದ ಹಾಯಿಯಿಂದ ಗಾಳಿಗೆ ಎದುರಾಗಿ ಹೋಗುವುದು ಸಾಧ್ಯವಿಲ್ಲದ ಕಾರಣ, ಅನುಕೂಲದ ಗಾಳಿಗೆ ಕಾಯುವುದೂ ಯಾನದ ಒಂದು ಭಾಗ. ಒಂದು ಪಕ್ಕಕ್ಕೆ ತೇಲುದಿಮ್ಮಿ ಕಟ್ಟಿದ ದೋಣಿಗಳು ನಮ್ಮ ಪಶ್ಚಿಮ ಕರಾವಳಿಯಲ್ಲೂ ಇದ್ದವು ಎಂಬುದನ್ನು ಇಲ್ಲಿ ನೆನೆಯಬಹುದು.

ದೋಣಿ ಸಿದ್ಧವಾದ ಮೇಲೆ ಏನು ನಡೆಯುತ್ತದೆ?

ನೀರಿಗಿಳಿಸುವ ದಿನ ‘ತಸಸೋರಿಯ’ ಎಂಬ ಸಮಾರಂಭ. ಆ ದಿನ ಸುತ್ತಲಿನ ಊರುಗಳ ಜನ ಕೂಡುತ್ತಾರೆ, ದೋಣಿಗಳ ನಡುವೆ ಪಂದ್ಯದಂಥ ಓಟ ನಡೆಯುತ್ತದೆ, ಆಹಾರವನ್ನು ಹಂಚುವ ‘ಸಗಲಿ’ ನಡೆಯುತ್ತದೆ. ಆಮೇಲೆ ಹೊಸ ದೋಣಿಯನ್ನು ನೆರೆಯ ಊರುಗಳಿಗೆ ತೋರಿಸಿಕೊಂಡು ಬರುವ ‘ಕಬಿಗಿದೋಯ’. ಅನೇಕ ದೋಣಿಗಳು ಕೂಡಿ ಸ್ಪರ್ಧೆಯಿಂದ ಹೊರಡುವ ದೊಡ್ಡ ಯಾನಕ್ಕೆ ‘ಉವಲಕು’ ಎಂದು ಹೆಸರು. ಇಂಥ ಯಾನದಲ್ಲಿ ಹೋಗುವವರು ಕುಲಾ ಒಡವೆಗಳನ್ನು ಒಯ್ಯುವುದಿಲ್ಲ, ಪಡೆಯಲು ಮಾತ್ರ ಹೋಗುತ್ತಾರೆ. ತಮ್ಮ ಸರದಿಯಲ್ಲಿ ಕೊಡುವುದು ಆ ದ್ವೀಪದವರು ಇಲ್ಲಿಗೆ ಬಂದಾಗ. ಮರದ ಪಾತ್ರೆ, ಬಾಚಣಿಗೆ, ಬುಟ್ಟಿಗಳಂಥ ಸರಕನ್ನು ಮಾತ್ರ ಒಯ್ದು, ಆಂಫ್ಲೆಟ್ ದ್ವೀಪಗಳ ಮಡಕೆಗಳನ್ನೂ ಡೋಬುವಿನ ಸಾಬುದಾನಿಯನ್ನೂ ತರುತ್ತಿದ್ದರು.

ಪ್ರತಿ ತೊಲಿವಾಗನೂ ತನ್ನ ದೋಣಿಯಲ್ಲಿ ‘ಲಿಲವ’ ಎಂಬ ಮಂತ್ರಿಸಿದ ಗಂಟನ್ನು ಇಟ್ಟುಕೊಳ್ಳುತ್ತಿದ್ದ. ಗುರಿ ಸೇರುವ ಮುನ್ನ ಅದನ್ನು ಬಿಚ್ಚುವಂತಿರಲಿಲ್ಲ. ಡೋಬುವಿನ ಹತ್ತಿರದ ಸರುಬ್ವೊಯ್ನ ಎಂಬ ಮರಳದಂಡೆಯಲ್ಲಿ ದೋಣಿಗಳು ನಿಲ್ಲುತ್ತಿದ್ದವು. ಅಲ್ಲಿ ಗಂಡಸರು ಮಿಂದು, ತೆಂಗಿನೆಣ್ಣೆ ಹಚ್ಚಿ, ಮುಖಕ್ಕೆ ಬಣ್ಣ ಬರೆದು, ಎದುರಿನವರ ಮನಸ್ಸು ಕರಗಲೆಂದು ಸೌಂದರ್ಯದ ಮಂತ್ರ ಹೇಳಿಕೊಳ್ಳುತ್ತಿದ್ದರು. ದೋಣಿಗೆ ಊರಿನಲ್ಲಿ ಆದ ಶೃಂಗಾರವೇ ಇಲ್ಲಿ ಅದರ ಒಡೆಯನಿಗೂ ಆಗುತ್ತಿತ್ತು. ಈ ವಿವರದ ಬಳಿಕ ದೋಣಿಯನ್ನೂ ಒಡೆಯನನ್ನೂ ಬೇರೆಬೇರೆಯಾಗಿ ವರ್ಣಿಸಲು ನನ್ನ ಮನಸ್ಸು ಒಪ್ಪುವುದಿಲ್ಲ.

ಹಾರುವ ದೋಣಿಯ ಕಥೆ ಯಾವುದು?

ಕಿಟವದ ಕುದಯುರಿ ಎಂಬ ಊರಿನ ಪುರಾಣವದು. ಎಲ್ಲರೂ ಕಡಲ ದಂಡೆಯಲ್ಲಿ ದೋಣಿ ಕಟ್ಟುತ್ತಿದ್ದಾಗ ಮೊಕಟುಬೊಡ ಎಂಬವನು ಗುಡ್ಡದ ಮೇಲಿನ ಊರಿನ ನಡುವೆಯೇ ಕಟ್ಟಿದ. ಬೇರೆಯವರ ದೋಣಿಗಳು ನೀರಿನಲ್ಲಿ ಹೋದವು, ಅವನದು ಆಕಾಶದಲ್ಲಿ ಹಾರಿ ಮೊದಲೇ ಮುಟ್ಟಿತು. ಮುಂದೆ ಬರಗಾಲದಲ್ಲಿ ಅವನ ತೋಟಕ್ಕೆ ಮಾತ್ರ ಮಳೆ ಬೀಳುವುದನ್ನು ಕಂಡು ಸಿಟ್ಟಿಗೆದ್ದವರು ಅವನನ್ನು ಕೊಲ್ಲಿಸಿದರು. ಕೊಂದವನು ಅವನ ತಮ್ಮನೇ. ಆದರೆ ಹಾರುವ ಮಂತ್ರವನ್ನು ಅಣ್ಣ ತಮ್ಮನಿಗೆ ಪೂರ್ತಿಯಾಗಿ ಹೇಳಿಕೊಟ್ಟಿರಲಿಲ್ಲ. ಅಂದಿನಿಂದ ದೋಣಿಗಳು ಹಾರುವುದು ನಿಂತು, ವೇಗದ ಮಂತ್ರವಷ್ಟೇ ಉಳಿಯಿತು. ಅವನ ಅಕ್ಕತಂಗಿಯರು ಊರು ಬಿಟ್ಟು ಹಾರಿಹೋದರು. ಒಡೆದ ದೋಣಿಯಿಂದ ಬಿದ್ದವರನ್ನು ತಿನ್ನಲು ಕಾದಿರುತ್ತಾರೆಂದು ಕಡಲಿಗರು ಹೆದರುವ ‘ಮುಲುಕ್ವಾವ್ಸಿ’ ಎಂಬ ಹಾರುವ ಮಾಟಗಾತಿಯರಿಗೂ ಈ ಕಥೆಗೂ ನಂಟಿದೆ.

ದೋಣಿಯನ್ನು ಬೇರೆಯವರಿಗೆ ಕೊಡುವುದುಂಟೆ?

ಉಂಟು. ತೊಲಿವಾಗನು ಪ್ರತಿಫಲ ಪಡೆದು ದೋಣಿಯನ್ನು ಎರವಲು ಕೊಡಬಹುದಾಗಿತ್ತು. ಗಾವ ದ್ವೀಪದಲ್ಲಂತೂ ದೋಣಿಯೇ ವಿನಿಮಯದ ವಸ್ತು. ಅಲ್ಲಿ ಕಟ್ಟಿದ ದೋಣಿಗಳು ಕೈಯಿಂದ ಕೈಗೆ ದಾಟುತ್ತ ದಕ್ಷಿಣದ ದ್ವೀಪಗಳನ್ನು ಸೇರುತ್ತವೆ. ಅವುಗಳಿಗೆ ಬದಲಾಗಿ ಕುಲಾ ಚಿಪ್ಪುಗಳು ಗಾವಕ್ಕೆ ಬರುತ್ತವೆ. ಅಮೆರಿಕದ ನ್ಯಾನ್ಸಿ ಮನ್ 1986ರಲ್ಲಿ ಪ್ರಕಟಿಸಿದ ಅಧ್ಯಯನ ಈ ಮಾರ್ಪಾಟನ್ನು ಹಿಂಬಾಲಿಸುತ್ತದೆ: ತೋಟದ ಬೆಳೆ ದುಡಿಯುವವರ ಊಟವಾಗಿ, ಆ ದುಡಿಮೆ ದೋಣಿಯಾಗಿ, ದೋಣಿ ಚಿಪ್ಪಾಗಿ, ಕಡೆಗೆ ಚಿಪ್ಪು ಮನುಷ್ಯನ ಕೀರ್ತಿಯಾಗಿ ದೂರದ ದ್ವೀಪಗಳಿಗೆ ಹರಡುತ್ತದೆ.

ಈಗಲೂ ಇಂಥ ದೋಣಿಗಳು ಇವೆಯೆ?

ಇವೆ. ಎಂಜಿನ್ ಕಟ್ಟಿದ ಫೈಬರ್ ದೋಣಿಗಳು ಬಂದಿವೆ, ಕುಲಾಕ್ಕೂ ಅವುಗಳಲ್ಲಿ ಹೋಗುವವರಿದ್ದಾರೆ. ಆದರೆ ಕಟ್ಟುವ ವಿದ್ಯೆಯಾಗಲಿ ಕುಲಾ ಆಗಲಿ ಅಳಿದಿಲ್ಲ. ಪ್ರಾಂತದ ರಾಜಧಾನಿ ಅಲೊಟವ್‌ನಲ್ಲಿ ನವೆಂಬರ್ ತಿಂಗಳಲ್ಲಿ ನಡೆಯುವ ಕೆನು ಮತ್ತು ಕುಂಡು ಉತ್ಸವದಲ್ಲಿ, ಎಂದರೆ ದೋಣಿ ಮತ್ತು ಡೋಲಿನ ಹಬ್ಬದಲ್ಲಿ, ಬೇರೆಬೇರೆ ದ್ವೀಪಗಳ ಹಾಯಿದೋಣಿಗಳು ಒಂದೆಡೆ ಕೂಡುತ್ತವೆ.

ಸಂಗ್ರಹಾಲಯದಲ್ಲಿ ಲಗಿಮ್ ಹಲಗೆ ಕಂಡರೆ ಏನನ್ನು ಗಮನಿಸಬೇಕು?

ಲಂಡನ್ನಿನ ಬ್ರಿಟಿಷ್ ಮ್ಯೂಸಿಯಂ ಸೇರಿದಂತೆ ಯುರೋಪು, ಆಸ್ಟ್ರೇಲಿಯಾಗಳ ಅನೇಕ ಸಂಗ್ರಹಾಲಯಗಳಲ್ಲಿ ಈ ಹಲಗೆಗಳಿವೆ. ಅಲ್ಲಿ ಅವು ಗೋಡೆಗೆ ನೇತುಹಾಕಿದ ಚಿತ್ರದಂತೆ, ದೋಣಿಯಿಂದ ಕಳಚಿಕೊಂಡು ನಿಂತಿರುತ್ತವೆ. ವಿದೇಶಗಳಲ್ಲಿ ನೆಲೆಸಿರುವ ಕನ್ನಡಿಗರಿಗೆ ಇವನ್ನು ನೋಡುವ ಅವಕಾಶ ಹೆಚ್ಚು. ನೋಡುವಾಗ ಒಂದಿಷ್ಟು ಹೊತ್ತು ನಿಲ್ಲಬೇಕೆಂದು ನನ್ನ ವಿನಂತಿ. ಎರಡು ಪಕ್ಕಗಳ ಅಳತೆ ಏಕೆ ಬೇರೆ ಎಂದು ನೋಡಿ, ತೇಲುದಿಮ್ಮಿ ಯಾವ ಕಡೆ ಇದ್ದಿರಬಹುದೆಂದು ಊಹಿಸಿ. ನೆತ್ತಿಯ ಪುಟ್ಟ ಆಕೃತಿಯನ್ನು ಹುಡುಕಿ. ಕವಡೆಯ ಸಾಲು ಉದುರಿದ್ದರೆ ಅದನ್ನು ಕಟ್ಟಿದ್ದ ತೂತುಗಳು ಕಾಣಬಹುದು. ಮಾರಾಟಕ್ಕೆಂದೇ ಕೆತ್ತಿದ ಹಲಗೆಗಳೂ ಸಾಕಷ್ಟಿವೆ. ಕಡಲಿಗಿಳಿದ ಹಲಗೆಯಲ್ಲಾದರೆ ಬಣ್ಣ ಅಲೆ ಬಡಿದ ಕಡೆ ಮಾಸಿ, ಕೆಳ ಅಂಚಿನಲ್ಲಿ ಒಡಲಿಗೆ ಬಿಗಿದು ಕೂಡಿಸಿದ ಗುರುತು ಉಳಿದಿರುತ್ತದೆ.